ಮರ ಇರುವವರೆಗೆ

ಶುಕ್ರವಾರ, ಹದಿನಾಲ್ಕನೇ ತಾರೀಖು
ಬೆಳಿಗ್ಗೆ, ಅಡುಗೆಮನೆಯ ಮೇಜಿನಿಂದ

ಪುಟ್ಟಿಯ ಅಪ್ಪನಿಗೆ,

ಬೇರೆ ಹೇಗೆ ಕರೆಯಬೇಕೆಂದು ಹೊಳೆಯಲಿಲ್ಲ. ‘ರೀ’ ಅನ್ನುವ ಹಕ್ಕು ಹನ್ನೊಂದು ವರ್ಷದ ಹಿಂದೆ ಹೋಯಿತು. ಹೆಸರು ಹಿಡಿದು ಕರೆಯುವ ಅಭ್ಯಾಸ ಮೊದಲಿನಿಂದಲೂ ಇಲ್ಲ. ನೀವು ಚೆನ್ನಾಗಿದ್ದೀರೆಂದು ಮಗಳು ಹೇಳುತ್ತಿರುತ್ತಾಳೆ. ನಾನೂ ಚೆನ್ನಾಗಿದ್ದೇನೆ.

ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಫಲಿತಾಂಶ ಮೊದಲು, ವಿವರ ಆಮೇಲೆ. ಇಲ್ಲೂ ಹಾಗೇ ಮಾಡುತ್ತೇನೆ. ಅಂಗಳದ ಮರವನ್ನು ಮಂಗಳವಾರ ಕಡಿಸಿದೆ. ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಮುಗಿಯಿತು. ಯಾರಿಗೂ ಪೆಟ್ಟಾಗಲಿಲ್ಲ.

ಇನ್ನು ವಿವರ.

ನಾವು ಬೇರೆಯಾಗುವಾಗ ಮನೆ ಕೊಳ್ಳಲೆಂದು ನೋಡಲು ಬಂದಿದ್ದ ಮೂರನೆಯ ಗಿರಾಕಿ ನಿಮಗೆ ನೆನಪಿರಬಹುದು. ಅಂಗಳವನ್ನು ಹೆಜ್ಜೆ ಹಾಕಿ ಅಳೆದು, ಮರ ತೆಗೆದರೆ ಎರಡು ಕಾರು ಆರಾಮಾಗಿ ನಿಲ್ಲುತ್ತವೆ ಅಂದರು. ಅವರು ಹೋದ ಮೇಲೆ ನೀವು ಅಡುಗೆಮನೆಯ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ, “ಮರ ಇರೋವರೆಗೂ ನೀನು ಇಲ್ಲೇ ಇರು. ಅದು ಹೋದ್ಮೇಲೆ ಮಾರೋಣ” ಅಂದಿರಿ. ಎರಡು ವರ್ಷ ಒಂದೇ ಸೂರಿನಡಿ ಮಾತು ಬಿಟ್ಟಿದ್ದವರು ಆಡಿದ ಅತಿ ಉದ್ದದ ಮಾತು ಅದು. ನಾನು ಆಯಿತು ಅಂದೆ. ಕಾಗದದ ಮೇಲೆ ಒಂದು ಗೆರೆಯೂ ಇರಲಿಲ್ಲ. ಆದರೂ ಇಬ್ಬರೂ ನಡೆಸಿಕೊಂಡು ಬಂದೆವು. ಮದುವೆಗಿಂತ ಈ ಒಪ್ಪಂದವೇ ಗಟ್ಟಿಯಾಗಿ ನಿಂತಿತು ಅಂತ ಒಮ್ಮೊಮ್ಮೆ ನಗು ಬರುತ್ತಿತ್ತು.

ವರ್ಷಕ್ಕೊಮ್ಮೆ ನಿಮ್ಮ ಕಾರ್ಡು ಬರುತ್ತಿತ್ತು: ಮರ ಹೇಗಿದೆ? ನಾನು ಬರೆಯುತ್ತಿದ್ದೆ: ಚೆನ್ನಾಗಿದೆ. ಮೊದಲ ಆರು ಉತ್ತರ ನಿಜ. ಕೊನೆಯ ಐದು ಸುಳ್ಳು.

ಐದು ವರ್ಷದ ಹಿಂದೆ, ಮಳೆ ನಿಂತ ಒಂದು ವಾರಕ್ಕೆ, ಬುಡದ ಬಳಿ ಒಂದು ಅಣಬೆ ಕಂಡಿತು. ಅರ್ಧ ತಟ್ಟೆಯನ್ನು ಕಾಂಡಕ್ಕೆ ಚುಚ್ಚಿ ನಿಲ್ಲಿಸಿದ ಹಾಗೆ, ಮೇಲೆ ಕಂದು, ಅಂಚಿಗೆ ಬಿಳಿ. ಒಂದು ಚೂರು ಮುರಿದು ಲ್ಯಾಬಿಗೆ ಒಯ್ದೆ. ಎಲ್ಲರೂ ಊಟಕ್ಕೆ ಹೋದಾಗ ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಮರದ ರೋಗ ನನ್ನ ವಿಷಯವಲ್ಲ, ಆದರೆ ಒಳಗಿನಿಂದ ತಿನ್ನುತ್ತಿರುವ ವಸ್ತು ಯಾವುದೆಂದು ಗುರುತಿಸಲು ಮೂವತ್ತು ವರ್ಷ ಲ್ಯಾಬಿನಲ್ಲಿ ಪಳಗಿದ ಕಣ್ಣಿಗೆ ಕಷ್ಟವಾಗಲಿಲ್ಲ. ಗಾಜನ್ನು ತೊಳೆದಿಟ್ಟೆ. ಸಂಜೆ ಮನೆಗೆ ಬಂದು ಅಡುಗೆಮನೆಯ ಚಾಕುವಿನಿಂದ ಉಳಿದದ್ದನ್ನು ಕೆರೆದು ಕಸಕ್ಕೆ ಹಾಕಿದೆ.

ಮರುವರ್ಷ ಮೂರು ಬಂದವು. ಅದರ ಮರುವರ್ಷ ಎಣಿಸಲಿಲ್ಲ. ಮಗಳು ಬರುವ ಹಿಂದಿನ ದಿನ ಕೆರೆದು ಮಣ್ಣು ಮೆತ್ತುವುದು ಮನೆ ಒರೆಸಿದಷ್ಟೇ ಸಹಜವಾಗಿಹೋಯಿತು. ಹೋದ ಸಲ ಅವಳು, ಅಪ್ಪನಿಗೆ ಕಳಿಸ್ತೀನಿ, ಮರದ ಹತ್ರ ನಿಂತ್ಕೋ ಅಂದಳು. ಆ ಫೋಟೋ ನಿಮ್ಮ ಬಳಿ ಇರಬೇಕು. ಬುಡಕ್ಕೆ ಅಷ್ಟು ಒತ್ತಿಕೊಂಡು ನಿಂತಿರುವುದು ಮರದ ಮೇಲಿನ ಪ್ರೀತಿಗಲ್ಲ.

ಕಾರಣ ನಿಮಗೆ ಹೇಳಬೇಕಾಗಿಲ್ಲ. ಮರ ಹೋದರೆ ಮನೆ ಹೋಗುತ್ತದೆ. ಬೆಳಿಗ್ಗೆ ಎದ್ದು ಕಣ್ಣು ಮುಚ್ಚಿಕೊಂಡೇ ಬಚ್ಚಲಿಗೆ ನಡೆಯಬಲ್ಲ ಮನೆ ನನಗೆ ಇದೊಂದೇ. ಈ ವಯಸ್ಸಿನಲ್ಲಿ ಇನ್ನೊಂದು ಮನೆಯ ಸ್ವಿಚ್ಚುಗಳನ್ನು ಕಲಿಯುವುದು ಬೇಡವಾಗಿತ್ತು. ಅಷ್ಟೇ.

ನಾಲ್ಕು ವಾರದ ಹಿಂದೆ, ಭಾನುವಾರ ಮಧ್ಯಾಹ್ನ, ಒಂದು ಎಲೆ ಅಲ್ಲಾಡುವಷ್ಟೂ ಗಾಳಿ ಇಲ್ಲದ ಹೊತ್ತಿನಲ್ಲಿ, ಗೋಡೆಯಾಚೆ ಚಾಚಿದ್ದ ದೊಡ್ಡ ಕೊಂಬೆ ಮುರಿದುಬಿತ್ತು. ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ನಿಮಗೆ ಗೊತ್ತಲ್ಲ, ಎಲೆ ಉದುರುತ್ತದೆ ಎಂದು ಇಪ್ಪತ್ತು ವರ್ಷದಿಂದ ನಮ್ಮೊಡನೆ ಜಗಳ ಕಾದವರು? ಜಗಳ ಕಾಯುತ್ತಲೇ ದಿನಾ ಊಟವಾದ ಮೇಲೆ ಅದೇ ಕೊಂಬೆಯ ನೆರಳಿಗೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಕೊಂಬೆ ಆ ಕುರ್ಚಿಯ ಮೇಲೆ ಬಿತ್ತು. ಕುರ್ಚಿ ಪುಡಿಪುಡಿ. ಮೇಷ್ಟ್ರು ಅರ್ಧ ನಿಮಿಷದ ಹಿಂದೆ ಫೋನೆತ್ತಲು ಒಳಗೆ ಹೋಗಿದ್ದರು. ಅದೂ ರಾಂಗ್ ನಂಬರು.

ಬೈಯಲು ಬರುತ್ತಾರೆಂದು ಕಾದೆ. ಬಂದರು. ಬಂದು ನಮ್ಮ ಅಡುಗೆಮನೆಯಲ್ಲಿ ಕೂತು ನೀರು ಕೇಳಿದರು. ಎತ್ತಿ ಕುಡಿಯುವಾಗ ಅಂಗಿಯ ಮುಂಭಾಗ ಒದ್ದೆಯಾಯಿತು. ಕುಡಿದು ಮುಗಿಸಿ, ನನ್ನ ಮುಖ ನೋಡಿ, ನನಗೇ ಸಮಾಧಾನ ಹೇಳಿದರು: “ನೀವ್ಯಾಕಮ್ಮ ಹೀಗೆ ಬಿಳುಚ್ಕೊಂಡಿದೀರ? ಮರಕ್ಕೆ ವಯಸ್ಸಾಯ್ತು. ಇದ್ರಲ್ಲಿ ನಿಮ್ದೇನಿದೆ?”

ನಾನು ಹೌದು ಅಂದೆ. ಇನ್ನೊಂದು ಲೋಟ ನೀರು ಕೊಟ್ಟೆ.

ಅರಣ್ಯ ಇಲಾಖೆಯಿಂದ ಒಬ್ಬಳು ಇನ್‌ಸ್ಪೆಕ್ಟರ್ ಬಂದಳು. ನಮ್ಮ ಪುಟ್ಟಿಗಿಂತ ಚಿಕ್ಕವಳು. ಮರದ ಸುತ್ತಿಗೆಯಿಂದ ಕಾಂಡವನ್ನು ಬಡಿಯುತ್ತ, ಕಿವಿಗೊಟ್ಟು ಕೇಳುತ್ತ ಒಂದು ಸುತ್ತು ಬಂದಳು. ಮೂರು ಕಡೆ ಟಕ್ ಎಂದಿತು. ಬುಡದ ಹತ್ತಿರ ಖಾಲಿ ಡಬ್ಬಿಯ ಸದ್ದು. ಮರದ ಜಾತಿ ಯಾವುದೆಂದು ಕೇಳಿದಳು. ನಾನು ಗೊತ್ತಿಲ್ಲ ಅಂದೆ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ ನೋಡಿ. ಅವಳೇ ಒಂದು ಉದ್ದನೆಯ ಹೆಸರು ಫಾರಮಿನಲ್ಲಿ ತುಂಬಿದಳು.

ಎಷ್ಟು ದಿನದಿಂದ ಹೀಗಿದೆ ಎಂಬ ಪ್ರಶ್ನೆಗೆ ಈಗಷ್ಟೇ ನೋಡಿದ್ದು ಅಂದೆ. ಅವಳು ಕೂತು ಮಣ್ಣು ಸರಿಸಿ ಚಾಕುವಿನ ಗೀರುಗಳ ಮೇಲೆ ಬೆರಳಾಡಿಸಿದಳು. ಯಾರೋ ಕೆರೆದಿದ್ದಾರೆ ಅಂದಳು, ಅಷ್ಟೇ. ನನ್ನ ಕಡೆ ನೋಡಲಿಲ್ಲ. ಒಳ್ಳೆ ಮನೆಯ ಹುಡುಗಿ ಇರಬೇಕು.

ಆಗ ನಾನು ಕೇಳಬಾರದ್ದನ್ನು ಕೇಳಿದೆ. ಐದು ವರ್ಷದ ಹಿಂದೆ ನಿಮ್ಮನ್ನು ಕರೆಸಿದ್ದರೆ?

“ವಾಸಿ ಆಗ್ತಿರ್ಲಿಲ್ಲ,” ಅಂದಳು. “ಆದ್ರೆ ಮೇಲಿನ ಭಾರ ಇಳಿಸಿ, ಕೊಂಬೆಗಳಿಗೆ ತಂತಿ ಕಟ್ಟಿದ್ರೆ ಇನ್ನೂ ಹತ್ತು ಹದಿನೈದು ವರ್ಷ ನಿಂತಿರೋದು.”

ಹತ್ತು ಹದಿನೈದು ವರ್ಷ. ನನಗೆ ಅಷ್ಟು ಸಾಕಾಗುತ್ತಿತ್ತು. ಇದನ್ನು ನಿಮಗೆ ಬರೆಯುತ್ತಿರುವಾಗ ಬೇಸರವಾಗುವುದಕ್ಕಿಂತ ನನ್ನ ದಡ್ಡತನಕ್ಕೆ ಆಶ್ಚರ್ಯವೇ ಹೆಚ್ಚಾಗುತ್ತಿದೆ.

ಇನ್ನು ಕಡಿಸಲೇಬೇಕೆಂದು ಅವಳು ಬರೆದುಕೊಟ್ಟಳು. ಕಡಿಸುವ ಹಿಂದಿನ ದಿನ, ಸೋಮವಾರ ಸಂಜೆ, ಕೆಲಸದಿಂದ ಬಂದವಳು ಬಟ್ಟೆ ಬದಲಿಸದೆ ಅಂಗಳಕ್ಕೆ ಹೋದೆ. ಜನ ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೋ ತಿಳಿಯದು. ತಬ್ಬಿಕೊಳ್ಳಲು ಹೋದರೆ ನಾಟಕದಂತೆ ಅನಿಸಿತು. ಕೊನೆಗೆ ಟೇಪು ತಂದು ಸುತ್ತಳತೆ ನೋಡಿದೆ: ನಾಲ್ಕು ಮೀಟರಿಗೆ ಎರಡು ಬೆರಳು ಕಡಿಮೆ. ಟೇಪಿನ ತುದಿ ಹಿಡಿಯಲು ಎರಡನೆಯವರು ಇಲ್ಲದ್ದರಿಂದ ಮೊಳೆ ಹೊಡೆಯಬೇಕಾಯಿತು, ಆಮೇಲೆ ಕಿತ್ತೆ. ತೊಗಟೆಯ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು, ಇಡೀ ದಿನ ಬಿಸಿಲಿತ್ತಲ್ಲ. ತಪ್ಪಾಯ್ತು ಅಂದೆ. ಮೆಲ್ಲಗೇ ಅಂದೆ. ಆದರೂ ಬಾಯಿಬಿಟ್ಟು ಅಂದೆ.

ಮಂಗಳವಾರ ರಜೆ ಹಾಕಿದೆ. ನಾಲ್ಕು ಜನ ಬಂದು ಹಗ್ಗ ಕಟ್ಟಿ ಮೇಲಿನಿಂದ ತುಂಡು ತುಂಡಾಗಿ ಇಳಿಸಿದರು. ಮೇಷ್ಟ್ರು ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಳೆಯ ಸೀಟಿ ಕೊರಳಿಗೆ ಹಾಕಿಕೊಂಡು ರಸ್ತೆಯ ನಡುವೆ ನಿಂತುಬಿಟ್ಟರು. ಕೊಂಬೆ ಇಳಿಯುವಾಗಲೆಲ್ಲ ಸೀಟಿ ಊದಿ ಎರಡೂ ಕಡೆಯ ಗಾಡಿ ತಡೆಯುತ್ತಿದ್ದರು. ಯಾರೂ ಹೇಳಿರಲಿಲ್ಲ. ಒಬ್ಬ ವ್ಯಾನಿನವನು ಹಾರ್ನ್ ಹೊಡೆದದ್ದಕ್ಕೆ, ಸಾಲಿನಲ್ಲಿ ನಿಲ್ಲದ ಶಾಲಾ ಹುಡುಗನನ್ನು ಗದರಿದ ಹಾಗೆ ಗದರಿದರು. ಬುಡ ಉರುಳಿದಾಗ ಮಾತ್ರ ಸೀಟಿ ಕೇಳಲಿಲ್ಲ. ನೋಡಿದರೆ ಅವರು ಆ ಕಡೆ ತಿರುಗಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಬುಡದ ಒಳಗೆ ಒಬ್ಬರು ಮೊಣಕಾಲು ಮಡಚಿ ಕೂರುವಷ್ಟು ಟೊಳ್ಳಿತ್ತು. ಅಡುಗೆಮನೆಗೆ ಈಗ ಬೇಡವೆನಿಸುವಷ್ಟು ಬೆಳಕು. ಒಲೆಯ ಹಿಂದಿನ ಗೋಡೆ ಇಷ್ಟು ಜಿಡ್ಡಾಗಿದೆ ಎಂದು ಗೊತ್ತೇ ಇರಲಿಲ್ಲ.

ಮಾತಿನಂತೆ ಮನೆಯನ್ನು ಮಾರಲು ನನ್ನ ಒಪ್ಪಿಗೆ ಇದೆ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ನೋಡಿದ್ದೇನೆ. ಮುಂದಿನ ತಿಂಗಳ ಕೊನೆಗೆ ಖಾಲಿ ಮಾಡುತ್ತೇನೆ. ನೀವು ಕೋಪ ಮಾಡಿಕೊಂಡರೆ ಅದು ನ್ಯಾಯವೇ. ಸುಳ್ಳು ನಿಮಗೆ ಮಗಳಿಂದ ತಿಳಿಯುವುದಕ್ಕಿಂತ ನನ್ನ ಅಕ್ಷರದಲ್ಲೇ ತಿಳಿಯಲಿ ಎಂದು ಬರೆದೆ. ಬರೆದು ಹಗುರಾಯಿತು.

ಆರೋಗ್ಯ ನೋಡಿಕೊಳ್ಳಿ.

ಇಂತಿ,
ಪುಟ್ಟಿಯ ಅಮ್ಮ

ತಾ.ಕ.: ಸಂಜೆ ಐದು ಗಂಟೆ. ಹಗುರಾಯಿತು ಎಂದು ಬರೆದದ್ದನ್ನು ಮತ್ತೆ ಓದಿದಾಗ ನಾಚಿಕೆಯಾಯಿತು. ಇನ್ನೊಂದು ಊರಿನಲ್ಲಿರುವ ನಿಮ್ಮೆದುರು ತಪ್ಪೊಪ್ಪಿಕೊಳ್ಳುವುದು ಸುಲಭ. ಲಕೋಟೆ ಅಂಟಿಸದೆ ಪಕ್ಕದ ಮನೆಗೆ ಹೋಗಿ ಮೇಷ್ಟ್ರಿಗೆ ಎಲ್ಲ ಹೇಳಿದೆ: ಅಣಬೆ, ಚಾಕು, ಐದು ವರ್ಷ. ಅವರು ನಿಂತೇ ಕೇಳಿದರು. ನಿಮ್ಮ ಯಜಮಾನರಿಗೆ ತಿಳಿಸಿದಿರಾ ಎಂದು ಕೇಳಿದರು. ಬೆಳಿಗ್ಗೆ ಬರೆದೆ ಅಂದೆ. “ಅವ್ರಿಗೆ ಮೊದ್ಲು ಬರೆದ್ರಾ? ಕೊಂಬೆ ಬಿದ್ದಿದ್ದು ನನ್ನ ಕುರ್ಚಿ ಮೇಲಲ್ವೇನಮ್ಮ?” ಅಂದರು. ಬಾಗಿಲು ಹಾಕಿಕೊಂಡರು. ಮೆಲ್ಲಗೆ ಹಾಕಿಕೊಂಡರು.