ಅಪ್ಪ ಓದಿದ ಸಾಲು

ಬ್ಯಾಂಗೋರ್, ಮೇನ್
೨ ಫೆಬ್ರವರಿ ೧೯೭೭

ಪ್ರೀತಿಯ ಥ್ಯಾಡ್,

ಏಳು ವರ್ಷ ಒಂದು ಸಾಲೂ ಬರೆಯದ ಅಕ್ಕ ಈಗ ಕ್ಷೇಮ ಕೇಳಿದರೆ ನೀನು ನಗುತ್ತೀಯ. ಕೇಳುವುದಿಲ್ಲ. ಅಪ್ಪ ಹೋದದ್ದು ಪತ್ರಿಕೆಯಿಂದ ನಿನಗೆ ತಿಳಿದಿರಬೇಕು. ಅದಾಗಿ ಹನ್ನೊಂದನೆಯ ದಿನ, ವಿಯೆಟ್ನಾಂ ಯುದ್ಧಕ್ಕೆ ಹೋಗಲೊಲ್ಲದೆ ದೇಶ ಬಿಟ್ಟು ಕೆನಡಾ ಸೇರಿದ ನಿಮಗೆಲ್ಲ ಕ್ಷಮಾದಾನ ಸಿಕ್ಕಿತು. ಹನ್ನೊಂದೇ ದಿನ.

ನಿನಗೆ ಗೊತ್ತಿಲ್ಲದ್ದೊಂದಿದೆ. ಎಪ್ಪತ್ತರ ಚುನಾವಣೆಯಲ್ಲಿ ಅಪ್ಪ ಲೂಯಿಸ್ಟನ್ನಿನ ಮಾಜಿ ಸೈನಿಕರ ಮುಂದೆ ನಿಂತು "ನನಗೆ ಈಗ ಮಗನಿಲ್ಲ" ಎಂದರಲ್ಲ, ಆ ಸಾಲು ಅವರದಲ್ಲ. ಅವರು ಬರೆದುಕೊಂಡಿದ್ದದ್ದು, "ನನ್ನ ಮಗ ಮಾಡಿದ್ದು ತಪ್ಪು, ಆದರೂ ಅವನು ನನ್ನ ಮಗ" ಎಂದು. ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹೊಡೆದುಹಾಕಿ ನನ್ನದನ್ನು ಬರೆದೆ. ಅಪ್ಪ ಕನ್ನಡಕ ತೆಗೆದು ಕೇಳಿದರು:

"ಇಷ್ಟು ಖಾರ ಬೇಕೇನೇ ವಿನಿ?"

"ಸೆನೆಟ್ ಬೇಕಂದ್ರೆ ಬೇಕಪ್ಪ. ತಾತ ಆಗಿದ್ರೆ ಇದರಪ್ಪನಂಥದ್ದು ಹೇಳ್ತಿದ್ದ."

"ನಿಮ್ಮ ತಾತನ ಮಗ ಓಡಿಹೋಗಿರಲಿಲ್ಲ, ಬಿಡು" ಎಂದರು. ಆದರೆ ಓದಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ನಾಲ್ಕು ಸಾವಿರ ಮತಗಳಿಂದ ಗೆದ್ದೆವು. ಅಮ್ಮ ಅಂದಿನಿಂದ ಮೇಜಿಗೆ ನನ್ನ ತಟ್ಟೆ ಇಡುವುದನ್ನು ಬಿಟ್ಟಳು. ಅವಳು ಸಾಯುವವರೆಗೆ ನನ್ನ ತಟ್ಟೆ ನಾನೇ ತೆಗೆದುಕೊಂಡೆ.

ಗೆಲುವಿಗಾಗಿ ಹಾಗೆ ಬರೆದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ನಿಜವಲ್ಲ. ನಮ್ಮ ಮೆಟ್ಟಿಲ ಗೋಡೆಯ ಪಟಗಳು ನೆನಪಿವೆಯಲ್ಲ? ಹೊಳೆಯಲ್ಲಿ ಮರದ ದಿಮ್ಮಿ ತೇಲಿಸುತ್ತಿದ್ದು ಆಮೇಲೆ ಶಾಸಕನಾದ ಮುತ್ತಾತ ಸೈಲಸ್, ಗವರ್ನರ್ ಆದ ತಾತ ಆರಿನ್, ಆಮೇಲೆ ಅಪ್ಪ. ನೀನು ತೊಟ್ಟಿಲಲ್ಲಿದ್ದಾಗಲೇ ತಾತ ನಾಲ್ಕನೆಯ ಮೊಳೆ ಹೊಡೆದು, "ಇದು ನಮ್ಮ ಹುಡುಗನಿಗೆ" ಎಂದಿದ್ದ. ನಾನು ಆರು ವರ್ಷದವಳು, ಅಲ್ಲೇ ಸುತ್ತಿಗೆ ಹಿಡಿದು ನಿಂತಿದ್ದೆ. ಭಾಷಣ ನಾನು ಬರೆದೆ, ಮನೆಮನೆ ನಾನು ಸುತ್ತಿದೆ. ನೀನು ಮೀನು ಹಿಡಿಯುತ್ತಿದ್ದೆ. ಆದರೂ ಎಲ್ಲರೂ ಕಾಯುತ್ತಿದ್ದದ್ದು ನಿನಗಾಗಿ. ಆ ಸಾಲನ್ನು ಒಂದೇ ಉಸಿರಿಗೆ ಬರೆದೆ, ಥ್ಯಾಡ್.

ಈಗ ನಾನು ಶಾಸಕಿ. ಮುಂದಿನ ವರ್ಷ ತಾತನ ಕುರ್ಚಿಗೆ ನಿಲ್ಲು ಎನ್ನುತ್ತಿದ್ದಾರೆ. ಅಪ್ಪ ಹೋದ ದಿನ ನಿನಗೆ ತಂತಿ ಕಳಿಸಲು ಹೊರಟಾಗ ಪಕ್ಷದ ಚೆಸ್ಟರ್ ಪ್ರೂಯಿಟ್ ತಡೆದ. "ಅವನು ಬಂದ್ರೆ ಪೊಲೀಸರೂ ಬರ್ತಾರೆ, ಕ್ಯಾಮೆರಾನೂ ಬರುತ್ತೆ. ನಿಮ್ಮಪ್ಪನ ಶವಪೆಟ್ಟಿಗೆ ಮುಂದೆ ಬೇಡಿ ಹಾಕಿಸ್ಬೇಕಾ ನಿನ್ನ ತಮ್ಮನಿಗೆ?" ಎಂದ. ನನಗೆ ಬೇಕಾದ ನೆಪ ಅದೇ. ತಂತಿ ಕಳಿಸಲಿಲ್ಲ.

ಆದರೆ ಅಪ್ಪನನ್ನು ಇನ್ನೂ ಹೂಳಿಲ್ಲ. ನೆಲ ಹೆಪ್ಪುಗಟ್ಟಿ ಕಲ್ಲಾಗಿದೆ, ಈ ಚಳಿಗಾಲದಲ್ಲಿ ತೀರಿಕೊಂಡ ಎಲ್ಲರ ಹಾಗೆ ಅವರೂ ಸ್ಮಶಾನದ ಕಲ್ಲುಕೋಣೆಯಲ್ಲಿ ಕಾಯುತ್ತಿದ್ದಾರೆ. ಏಪ್ರಿಲ್ ಕೊನೆಗೆ ಮಣ್ಣು ಸಡಿಲವಾಗುತ್ತದೆ. ಬಾ. ಮೊದಲ ಹಿಡಿ ಮಣ್ಣು ನೀನು ಹಾಕು. ಪ್ರೂಯಿಟ್‌ಗೆ ಹೇಳಿಬಿಟ್ಟಿದ್ದೇನೆ. "ಹಂಗಾದ್ರೆ ಗವರ್ನರ್ ಆಸೆಗೆ ಎಳ್ಳುನೀರು ಬಿಡು" ಎಂದ. ಬಿಡುತ್ತೇನೆ ಎಂದೆ. ನೀನು ನಂಬದಿದ್ದರೆ ತಪ್ಪು ನಿನ್ನದಲ್ಲ.

ನಿನ್ನ ಅಕ್ಕ,
ವಿನಿಫ್ರೆಡ್

ತಾ. ಕ.: ಇದಿಲ್ಲದೆ ಪತ್ರ ಮುಚ್ಚಿದರೆ ಮತ್ತೆ ಸುಳ್ಳಾಗುತ್ತದೆ. ನವೆಂಬರಿನಲ್ಲಿ ಅಪ್ಪ ಹಟ ಹಿಡಿದು ಗಡಿಯ ಕ್ಯಾಲೆಸ್‌ವರೆಗೆ ನನ್ನ ಕೈಲಿ ಕಾರು ಓಡಿಸಿದರು. ಸೇತುವೆಯ ಈಚೆ ಕೂತು ಒಂದು ಗಂಟೆ ಕೆನಡಾದ ದಡ ನೋಡಿದರು. ಆಮೇಲೆ, "ಅವನ ಫೋನ್ ನಂಬರ್ ನಿನ್ನ ಹತ್ರ ಇದೆಯೇನೇ?" ಎಂದು ಕೇಳಿದರು. ಇಲ್ಲ ಎಂದೆ. ನಿನ್ನ ಮಗಳು ಹುಟ್ಟಿದಾಗ ನೀನು ನನ್ನ ಕಚೇರಿಗೆ ಕಳಿಸಿದ್ದ ಕಾರ್ಡು, ಕೆಳಗೆ ನಂಬರ್ ಬರೆದದ್ದು, ಆಗ ನನ್ನ ಕೈಚೀಲದಲ್ಲೇ ಇತ್ತು. ತಮಗೊಬ್ಬಳು ಮೊಮ್ಮಗಳಿದ್ದಾಳೆ ಎಂಬುದೂ ತಿಳಿಯದೆ ಅಪ್ಪ ಹೋದರು.