ನಿಮ್ಮ ಲ್ಯಾಬಿಗೆ ಕೊಟ್ಟ ರಕ್ತ

ರೀ,

ಸಾರು ಸ್ಟೋವ್ ಮೇಲಿದೆ, ಅನ್ನ ನೀವೇ ಇಟ್ಕೊಳ್ಳಿ. ಪುಟ್ಟೀನ ಸ್ಕೂಲಿಂದ ಪಿಕಪ್ ಮಾಡಿ. ಅವಳಿಗೆ ಸದ್ಯಕ್ಕೆ ಏನೂ ಹೇಳ್ಬೇಡಿ.

ನಿನ್ನೆ ಪಾಟ್‌ಲಕ್ ಊಟದಲ್ಲಿ ನಿಮ್ಮ ಲ್ಯಾಬಿನ ಸೂಸನ್ ಸಿಕ್ಕಿದ್ಲು. "ಈಗ ಹೇಗಿದೀಯಾ, ಟ್ರೀಟ್ಮೆಂಟ್ ಶುರುವಾಯ್ತಾ?" ಅಂದ್ಲು. "ಯಾವುದಕ್ಕೆ?" ಅಂದೆ. ಪಾಪ, ಅವಳ ಮುಖ ಬಿಳಿಚಿಕೊಳ್ತು.

ಮೈಯ ರಕ್ಷಣಾ ಕಣಗಳೇ ಮೈಮೇಲೆ ತಿರುಗಿಬೀಳೋ ಲೂಪಸ್ ಕಾಯಿಲೆಯ ಸ್ಟಡಿಗೆ ಆರೋಗ್ಯವಾಗಿರೋರ ರಕ್ತಾನೂ ಬೇಕು ಅಂತ ಯುಗಾದಿ ಹೊತ್ತಿಗೆ ಕೇಳಿದ್ರಿ. ಗಂಡ ಕೇಳಿದ್ರಲ್ಲ ಅಂತ ಖುಷಿಯಿಂದ ಕೈ ಚಾಚಿದೆ. ಸೂಸನ್ನೇ ಹೇಳಿದ್ಲು, ಟೆಸ್ಟಲ್ಲಿ ನನ್ನ ಬಿಳಿ ರಕ್ತಕಣಗಳು ಕಾಯಿಲೆ ಜೋರಾಗಿರೋ ಪೇಶೆಂಟ್‌ಗಳ ಕಣಗಳ ಹಾಗೇ ಕೆರಳಿದ್ವಂತೆ. ನೀವು ನನ್ನ ಸ್ಯಾಂಪಲ್ನ ಸ್ಟಡಿಯಿಂದ ತೆಗೆಸಿಹಾಕಿ, "ಅವಳಿಗೆ ನಾನೇ ಹೇಳ್ತೀನಿ" ಅಂದಿದ್ರಂತೆ.

ಬೇಸಿಗೆಯಲ್ಲಿ ಬೆರಳು ಊದಿ, ಚಪಾತಿ ಲಟ್ಟಿಸೋಕಾಗದೆ ನಾನು ಅತ್ತಾಗ, "ಕೆಲಸ ಜಾಸ್ತಿಯಾಗಿದೆ, ರೆಸ್ಟ್ ತಗೋ" ಅಂದ್ರಲ್ಲ. ಗೊತ್ತಿದ್ದೂ ಅಂದ್ರಲ್ಲ!

ಹೆದರಿದ್ರಿ ಅಂತ ನನಗೂ ಅರ್ಥವಾಗುತ್ತೆ. ಆದರೆ ಅದು ನನ್ನ ಮೈ.

ರಾಲಿ ಸಿಟಿಯಲ್ಲಿ ಡಾಕ್ಟರನ್ನ ನೋಡೋಕೆ ಹೊರಟಿದೀನಿ, ಫ್ರೆಂಡ್ ಶ್ರೀಲತಾ ಡ್ರೈವ್ ಮಾಡ್ತಾಳೆ. ನೀವು ಬರಬೇಡಿ. ರಿಸಲ್ಟ್ ಬಂದಾಗ ನನಗೊಬ್ಬಳಿಗೇ ಹೇಳಿ ಅಂತ ಡಾಕ್ಟರಿಗೆ ಫೋನಲ್ಲೇ ಹೇಳಿಟ್ಟಿದೀನಿ.

ಮೈಥಿಲಿ