ಆಲ್‌ರೈಟ್ ತೋರಿಸದ ದಿನ

ಶಿವನಿ
೩ ಫೆಬ್ರವರಿ ೨೦೨೫

ಪ್ರೀತಿಯ ಮಾನ್ಯಾ,

ನಿನ್ನ ಮೆಸೇಜು ನೋಡಿದೆ. ಮೊದಲ ಸಾಲಿನಲ್ಲಿ ನನಗೆಂದು ಇಟ್ಟ ಕುರ್ಚಿ ಕೊನೆಯವರೆಗೂ ಖಾಲಿಯಿತ್ತು, ಇನ್ನು ಕರೆಯುವುದಿಲ್ಲ ಎಂದು ಬರೆದಿದ್ದೀಯ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ. ನನ್ನದು ಐದನೇ ಕ್ಲಾಸಿನ ಬರವಣಿಗೆ. ತಪ್ಪಿದ್ದರೆ ತಿದ್ದಿಕೋ, ಆಗಲೂ ನೀನೇ ತಿದ್ದುತ್ತಿದ್ದೆ.

ನಾನು ನಿನ್ನೆ ಬೆಂಗಳೂರಿಗೆ ಬಂದಿದ್ದೆ ಕಣೇ.

ನಾನು ಕೆಲಸ ಮಾಡುವ ಅಜ್ಜಂಪುರದ ಹೊಲಿಗೆ ಅಂಗಡಿಯಲ್ಲಿ ಹಾಡು ಕೇಳಲು ಹೋಗಬೇಕೆಂದು ರಜ ಕೇಳಿದಾಗ ಯಜಮಾನಿ ಪ್ರೇಮಮ್ಮ ಯಾವ ಹಾಡು ಅದು ಎಂದರು. ಮುನ್ನೂರು ವರ್ಷದ ಹಿಂದಿನ ವಿದೇಶದ ಹಾಡಿನ ನಾಟಕ, ಆಪೆರಾ ಅಂತಾರೆ, ನನ್ನ ಗೆಳತಿ ಹಾಡುವವರ ಕಡೆ ಮುಖ ಮಾಡಿ ನಿಂತು ಕೈಸನ್ನೆಯಲ್ಲಿ ಅದನ್ನು ನಡೆಸುತ್ತಾಳೆ ಎಂದೆ. ನಡೆಸೋದಾ, ಹಾಡಲ್ವಾ, ಹಂಗಾದ್ರೆ ಅಷ್ಟು ದೂರ ಹೋಗಿ ಏನ್ ನೋಡ್ತೀಯೇ, ಅವಳ ಬೆನ್ನಾ ಎಂದು ನಕ್ಕರು. ನಾನೂ ನಕ್ಕೆ. ರೈಲಿನಲ್ಲಿ ಕೂತಮೇಲೆ ನಗು ಬರಲಿಲ್ಲ.

ಸಭಾಂಗಣದ ಬಾಗಿಲಲ್ಲಿದ್ದ ಹೆಂಗಸು ನೀನು ಕಳಿಸಿದ್ದ ಟಿಕೆಟ್ಟು ನೋಡಿ ಮುಂದೆ ಕರೆದುಕೊಂಡು ಹೋಗುತ್ತೇನೆಂದರು. ಬೇಡ, ಮೇಲೆ ಕೂರುತ್ತೇನೆ ಎಂದೆ. ಬಾಲ್ಕನಿಯ ಕೊನೆಯಲ್ಲಿ ಒಂದು ಕಂಬವಿತ್ತು. ಅದರ ಪಕ್ಕ ಕೂತೆ.

ನೀನು ಬಂದೆ, ನಮಗೆಲ್ಲ ಬೆನ್ನು ಹಾಕಿ ನಿಂತೆ. ಎರಡು ವರ್ಷದ ಹಿಂದೆ ನೀನು ಬರೆದಿದ್ದು ನೆನಪಾಯಿತು. ಹಾಡುವುದನ್ನು ಬಿಟ್ಟು ಹಾಡುವವರನ್ನು ನಡೆಸುವ ಕೆಲಸ ಹಿಡಿದಿದ್ದೇನೆ, ಮಾಡಿದ್ದು ಸರಿಯಾ ಎಂದು ಕೇಳಿದ್ದೆ. ಇಲ್ಲಿ ಮಳೆ ಚೆನ್ನಾಗಿದೆ ಎಂದಷ್ಟೇ ನಾನು ಉತ್ತರ ಬರೆದೆ. ನಿಜ ಹೇಳಲಾ? ಸಿಟ್ಟು ಬಂದಿತ್ತು. ಅಪ್ಪ ಹೋದಮೇಲೆ ಈ ಮನೆಯಲ್ಲಿ ನನ್ನದಲ್ಲದೆ ಕೇಳುತ್ತಿದ್ದ ಇನ್ನೊಂದು ದನಿ ಅಂದರೆ ಫೋನಿನಲ್ಲಿ ನೀನು ಕಳಿಸುತ್ತಿದ್ದ ಹಾಡು. ಅದು ಬಂದಾಗ ನಾನು ಹೊಲಿಗೆ ಮಿಷನ್ ನಿಲ್ಲಿಸುತ್ತಿದ್ದೆ. ಅದನ್ನೂ ನಿಲ್ಲಿಸಿಬಿಟ್ಟೆಯಲ್ಲ.

ಅಷ್ಟರಲ್ಲಿ ಹಾಡುತ್ತಿದ್ದ ಎಳೇ ಹುಡುಗಿಯೊಬ್ಬಳು ಅಳುಕಿದಳು. ನೀನು ಎಡಗೈ ಎತ್ತಿದೆ. ಮೊಣಕೈ ನೆಟ್ಟಗೆ. ಅವಳ ಕೊನೆಯ ಸ್ವರ ಮುಗಿಯುವವರೆಗೂ ಇಳಿಸಲಿಲ್ಲ. ಅದು ನಮ್ಮಪ್ಪನ ಕೈ, ಮಾನ್ಯಾ!

ಶಿವನಿಯಲ್ಲಿ ನಿಲ್ಲದ ರೈಲು ಹೋಗುವಾಗ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಅಪ್ಪ ತೀರ್ಥಪ್ಪ ಹೀಗೇ ತಾನೇ ಹಸಿರು ಬಾವುಟ ಹಿಡಿಯುತ್ತಿದ್ದುದು? ಹಿಂದಿನ ಡಬ್ಬಿಯಿಂದ ಗಾರ್ಡು ತಿರುಗಿ ಹಸಿರು ತೋರಿಸಬೇಕು, ಆಗ ಆಲ್‌ರೈಟ್, ಎಲ್ಲ ಸರಿಯಿದೆ ಅಂತ. ಗಾಡಿ ಬಾಲ ದಾಟೋಗಂಟ ಕೈ ಇಳಿಸಬಾರ್ದು ಕಣ್ರೇ, ಆ ಕಡೆಯಿಂದ ತೋರಿಸ್ದೆ ಇದ್ರೆ ಏನೋ ಕೆಟ್ಟಿದೆ ಅಂತಲೇ ಅರ್ಥ ಎನ್ನುತ್ತಿದ್ದ. ನಿಮ್ಮ ಕ್ವಾರ್ಟರ್ಸ್ ಹಿಂದೆ ನಾವೂ ಅದೇ ಆಟ ಆಡುತ್ತಿದ್ದೆವು. ನೀನು ಕೈ ಎತ್ತಿ ಹಾಡುವುದು, ದೂರದಲ್ಲಿ ನಾನು ಗಾರ್ಡು, ಕೇಳಿಸಿತು ಎಂದು ಕೈ ಎತ್ತಿ ತೋರಿಸುವುದು. ಒಂದು ದಿನ ತಮಾಷೆಗೆಂದು ನಾನು ನೀರಿನ ಟ್ಯಾಂಕಿನ ಹಿಂದೆ ಅಡಗಿಬಿಟ್ಟೆ. ನೀನು ಗಂಟಲು ಕಟ್ಟುವವರೆಗೂ ಹಾಡಿ ಅಳುತ್ತಾ ಕೂತೆ. ಸ್ಟೇಷನ್ ಮಾಸ್ಟರ್ ಆಗಿದ್ದ ನಿಮ್ಮಪ್ಪ ರಾಮಸ್ವಾಮಿಯವರು, ಏನಮ್ಮಾ ಗಾರ್ಡು, ಹಿಂಗಾ ಡ್ಯೂಟಿ ಮಾಡೋದು ಎಂದು ಬೈದರು.

ನಿನ್ನೆಯೂ ನಾನು ಅದೇ ಮಾಡಿದೆ. ಎಲ್ಲ ಮುಗಿದು ನೀನು ನಮ್ಮ ಕಡೆ ತಿರುಗಿದೆ. ಖಾಲಿ ಕುರ್ಚಿ ನೋಡಿದೆ. ಆಮೇಲೆ ಬಾಲ್ಕನಿ ಪೂರ್ತಿ ಕಣ್ಣಾಡಿಸಿದೆ, ಎಡಗೈ ಅರ್ಧ ಎತ್ತಿಕೊಂಡು. ನಾನು ಕಂಬದ ಹಿಂದೆ ಸರಿದೆ. ನಾಚಿಕೆಯಿಂದ ಎಂದರೆ ನೀನು ನಂಬುತ್ತೀಯ, ಆದರೆ ಅದೊಂದೇ ಅಲ್ಲ. ನಾನು ನಿನ್ನ ಹಾಡು ಕೇಳುವವಳು. ನೀನೇ ಹಾಡದಿದ್ದರೆ ನಿನ್ನ ಮುಂದೆ ಯಾರೆಂದು ಬಂದು ನಿಲ್ಲಲಿ?

ವಾಪಸ್ಸು ಬರುವಾಗ ಬೀರೂರು ದಾಟಿದ ಮೇಲೆ ಯೋಚನೆ ಬಂತು. ರೈಲಿನ ಸದ್ದೆಲ್ಲ ರೈಲಿನ ಜೊತೆಗೇ ಹೋಗುತ್ತದೆ, ಬಾವುಟ ಹಿಡಿದವನು ಪ್ಲಾಟ್‌ಫಾರಂನಲ್ಲಿ ಒಬ್ಬನೇ ಉಳಿಯುತ್ತಾನೆ. ಈಗ ನಿನ್ನದೂ ಅದೇ ಕೆಲಸ. ಯಾರಾದರೂ ತಿರುಗಿ ಆಲ್‌ರೈಟ್ ತೋರಿಸಬೇಕು.

ನೀನು ಮಾಡಿದ್ದು ಸರಿ, ಮಾನ್ಯಾ. ಎರಡು ವರ್ಷ ತಡವಾಯಿತು.

ಅಡಗಿಕೊಂಡಿದ್ದ ಗಾರ್ಡು,
ಅಶ್ವಿನಿ

ತಾ.ಕ.: ಅಪ್ಪನ ಹಳೇ ಹಸಿರು ಬಾವುಟ ಇಸ್ತ್ರಿ ಮಾಡಿ ತಂದಿದ್ದೆ. ಕಂಬದ ಹಿಂದೆ ನಿಂತಾಗ ಅದು ನನ್ನ ಕೈಯಲ್ಲೇ ಇತ್ತು. ಶನಿವಾರ ನಿಮ್ಮ ತಂಡ ಹುಬ್ಬಳ್ಳಿಗೆ ಹೋಗುವ ರೈಲು ಶಿವನಿಯಲ್ಲಿ ನಿಲ್ಲುವುದಿಲ್ಲ. ಬಾವುಟ ತೋರಿಸಿದರೆ ಡ್ರೈವರ್ ಗಾಬರಿಯಾದಾನು, ಬರೀ ಕೈ ಎತ್ತುತ್ತೇನೆ. ಕಿಟಕಿಯ ಪಕ್ಕ ಕೂತಿರು. ನೀರಿನ ಟ್ಯಾಂಕಿನ ಮುಂದೆ ನಿಂತಿರುತ್ತೇನೆ, ಹಿಂದೆ ಅಲ್ಲ.